ಕೇಳಿದ ಕಿವಿಯೇ ಓದಲಿ

ನೋಡಮ್ಮ, ಆಶಾ ಕಾರ್ಯಕರ್ತೆಯರ ಸಂದರ್ಶನಗಳನ್ನು ಚಾಟ್‌ಜಿಪಿಟಿಗೆ ಹಾಕಿದರೆ ಥೀಮುಗಳನ್ನು ಅದೇ ತೆಗೆದುಕೊಡುತ್ತದಂತೆ, ಹಾಕಲೇ ಎಂದು ಕೇಳಿದ್ದೀಯ. ಬೇಡವೇ ಬೇಡ ಅನ್ನುವ ಹಟ ನನಗಿಲ್ಲ. ಆದರೆ ಯಾವ ಕೆಲಸಕ್ಕೆ, ಯಾವ ಹಂತದಲ್ಲಿ ಹಾಕುತ್ತೀ ಅನ್ನುವುದರ ಮೇಲೆ ನಿನ್ನ ಸಂಶೋಧನೆ ನಿನ್ನದಾಗಿ ಉಳಿಯುವುದು ನಿಂತಿದೆ.

ಮೊದಲು ಆ ಹೆಣ್ಣುಮಕ್ಕಳ ವಿಷಯ. ಅವರು ಮಾತಾಡಿದ್ದು ನಿನ್ನನ್ನು ನಂಬಿ. ಸಮ್ಮತಿ ಪತ್ರದಲ್ಲಿ ಎಐ ಪ್ರಸ್ತಾಪವೇ ಇಲ್ಲದಿದ್ದರೆ ಅವರ ಮಾತನ್ನು ಯಾವುದೋ ಕಂಪನಿಯ ಸರ್ವರಿಗೆ ಕಳಿಸುವುದು ಸರಿಯಲ್ಲ. ಅವರನ್ನು ಮತ್ತೆ ಕೇಳು, ನೈತಿಕ ಸಮಿತಿಗೂ ತಿಳಿಸು. ಹೆಸರು ಅಳಿಸಿದರೆ ಸಾಕು ಅಂದುಕೊಳ್ಳಬೇಡ. ಹಳ್ಳಿಗಳಲ್ಲಿ ಸುಮಾರು 1,000 ಜನಕ್ಕೆ ಒಬ್ಬ ಆಶಾ. ಊರ ಹೆಸರು ಉಳಿದರೂ ಸಾಕು, ಮಾತಾಡಿದವಳು ಯಾರೆಂದು ಆರೋಗ್ಯ ಕೇಂದ್ರದವರಿಗೆ ಗೊತ್ತಾಗುತ್ತದೆ. ಮೇಲಿನವರ ಬಗ್ಗೆ ಮನಸ್ಸು ಬಿಚ್ಚಿ ಹೇಳಿಕೊಂಡವಳಿಗೆ ನಿನ್ನಿಂದ ತೊಂದರೆಯಾಗಬಾರದು.

ಧ್ವನಿಯನ್ನು ಬರಹಕ್ಕೆ ಇಳಿಸುವ ಕೆಲಸಕ್ಕೆ ಯಂತ್ರದ ನೆರವು ಪಡೆ, ತಪ್ಪಿಲ್ಲ. 2022ರಲ್ಲಿ ಬಂದ ವಿಸ್ಪರ್ ಎಂಬ ಸಾಧನ ನಿನ್ನ ಕಂಪ್ಯೂಟರಿನಲ್ಲೇ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅದು ಕೊಟ್ಟದ್ದು ಕರಡು ಅಷ್ಟೆ. ರಾಯಚೂರು ಸೀಮೆಯ ಮಾತನ್ನು ಅದು ಪುಸ್ತಕದ ಕನ್ನಡಕ್ಕೆ ತಿದ್ದಿಬಿಡಬಹುದು. ಮೌನವಿದ್ದ ಕಡೆ ಯಾರೂ ಆಡದ ವಾಕ್ಯ ಸೇರಿಸುವ ಚಾಳಿಯೂ ಅದಕ್ಕಿದೆ. ಆದ್ದರಿಂದ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಸಂದರ್ಶನವನ್ನೂ ಪೂರ್ತಿ ಕೇಳಿ ತಿದ್ದು. ಮಾತಾಡಿದವಳು ಎಲ್ಲಿ ತಡೆದಳು, ಎಲ್ಲಿ ನಕ್ಕಳು, ಅತ್ತೆ ಒಳಗೆ ಬಂದಾಗ ಯಾವ ಮಾತು ಬದಲಿಸಿದಳು, ಎಲ್ಲವನ್ನೂ ಗುರುತು ಹಾಕಿಕೋ.

ಕೋಡಿಂಗ್, ಅಂದರೆ ಮಾತುಗಳಿಗೆ ಅರ್ಥದ ಗುರುತು ಹಚ್ಚುವ ಕೆಲಸವನ್ನು ಮಾತ್ರ ಮೊದಲು ನೀನೇ ಮಾಡು. ಥೀಮುಗಳು ದತ್ತಾಂಶದೊಳಗೆ ಸಿದ್ಧವಾಗಿ ಅಡಗಿ ಕೂತಿರುವುದಿಲ್ಲ, ಸಂಶೋಧಕನ ಓದಿನಲ್ಲಿ ಅವು ರೂಪುಗೊಳ್ಳುತ್ತವೆ ಎಂದು ಥೀಮ್ ವಿಶ್ಲೇಷಣೆಯ ಬಗ್ಗೆ ಬರೆದ ಬ್ರೌನ್ ಮತ್ತು ಕ್ಲಾರ್ಕ್ 2006ರಿಂದಲೂ ಹೇಳುತ್ತ ಬಂದಿದ್ದಾರೆ. ಯಂತ್ರವನ್ನು ಕೇಳಿದರೆ ಕೆಲಸದ ಒತ್ತಡ, ಕಡಿಮೆ ಗೌರವಧನ, ಕುಟುಂಬದ ಬೆಂಬಲ ಎಂದು ಪಟ್ಟಿ ಕೊಟ್ಟೀತು. ಊರಿಗೆ ಕಾಲಿಡದವರೂ ಅದನ್ನು ಬರೆಯಬಲ್ಲರು. ಅಷ್ಟಕ್ಕೆ ನೀನು ಬಿಸಿಲಲ್ಲಿ ಅಲೆದದ್ದೇಕೆ?

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಕಥೆ ನಿನಗೆ ಗೊತ್ತಿರಬೇಕು. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಅದನ್ನು ರಾಂಪುರ ಎಂದು ಕರೆದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ಅವರು ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ಆದರೂ ಬಹುಮಟ್ಟಿಗೆ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಅಲ್ಲಿ ಬದುಕಿ, ಆ ಟಿಪ್ಪಣಿಗಳನ್ನು ಕೈಯಾರೆ ತಿದ್ದಿ ತೀಡಿದ್ದರಿಂದ ಊರು ಅವರೊಳಗೆ ಇಳಿದಿತ್ತು. ನಿನ್ನ ಓದನ್ನು ಯಂತ್ರವೇ ಓದಿದರೆ ನಿನ್ನೊಳಗೆ ಏನು ಇಳಿದೀತು?

ನಿನ್ನ ಕೋಡಿಂಗ್ ಮುಗಿದ ಮೇಲೆ ಎಐಯನ್ನು ಎದುರುವಾದಿಯಾಗಿ ಕೂರಿಸಿಕೋ. ‘ನನ್ನ ಈ ಥೀಮಿಗೆ ಒಗ್ಗದ ಮಾತು ಈ ಪಠ್ಯದಲ್ಲಿ ಎಲ್ಲಿದೆ? ಬೇರೆ ಅರ್ಥ ಸಾಧ್ಯವೇ?’ ಎಂದು ಕೇಳು. ಒಂದೇ ಪ್ರಶ್ನೆಗೆ ಇಂದೊಂದು ನಾಳೆಯೊಂದು ಉತ್ತರ ಬಂದರೆ ಗಾಬರಿಯಾಗಬೇಡ, ಅದರ ಸ್ವಭಾವವೇ ಅದು. ಅದು ತೋರಿಸಿದ ಪ್ರತಿ ಉದ್ಧರಣೆಯನ್ನೂ ಮೂಲದಲ್ಲಿ ಹುಡುಕಿ ನೋಡು. ಆಡದ ಮಾತನ್ನು ಆಡಿದಂತೆ ಕೊಡುವುದರಲ್ಲಿ ಅದು ನಿಸ್ಸೀಮ.

ಬಳಸಿದ್ದನ್ನು ಮುಚ್ಚಿಡಬೇಡ. ಯಾವ ಸಾಧನ, ಯಾವ ಆವೃತ್ತಿ, ಯಾವ ದಿನ, ಏನು ಕೇಳಿದೆ, ಉತ್ತರದಲ್ಲಿ ಏನನ್ನು ಒಪ್ಪಿದೆ, ಏನನ್ನು ಬಿಟ್ಟೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ವಿಧಾನದ ಅಧ್ಯಾಯಕ್ಕೆ ಅದು ನೇರವಾಗಿ ಒದಗುತ್ತದೆ.

ಕೊನೆಗೆ ವೈವಾದಲ್ಲಿ ಪರೀಕ್ಷಕರು ಯಾವುದಾದರೂ ಥೀಮಿನ ಮೇಲೆ ಬೆರಳಿಟ್ಟು, ಇದು ಎಲ್ಲಿಂದ ಬಂತಮ್ಮ ಎಂದು ಕೇಳಿಯೇ ಕೇಳುತ್ತಾರೆ. ಯಾವ ಸಂದರ್ಶನದ ಯಾವ ಮಾತಿನಿಂದ, ಯಾಕೆ ಹಾಗೆ ಓದಿದೆ ಎಂದು ಪರದೆ ನೋಡದೆ ಹೇಳಬಲ್ಲೆಯಾ? ಹಾಗಿದ್ದರೆ ಎಐ ಬಳಸಿದ್ದಕ್ಕೆ ಅಳುಕಬೇಡ. ಹೇಳಲಾರದ ಥೀಮ್ ಎಷ್ಟೇ ಚೆನ್ನಾಗಿ ಕಂಡರೂ ಈಗಲೇ ತೆಗೆದುಹಾಕು.