ಕಾಂಕ್ರೀಟ್ ಬೀಳುವ ಮುಂಚೆಯೇ ನೋಡಿ, ನೋಡಿದ್ದನ್ನು ಬರೆದಿಡಿ

ಸಿವಿಲ್ ಓದುವ ಕೊಪ್ಪಳ ಜಿಲ್ಲೆಯ ಮಕ್ಕಳು ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿಗೇ ಓಡಬೇಕಿಲ್ಲ. 2025ರಲ್ಲಿ ಕುಷ್ಟಗಿಗೆ ರೈಲು ತಂದ ಗದಗ–ವಾಡಿ ಮಾರ್ಗದಂಥ ಕಾಮಗಾರಿಗಳು ಇಲ್ಲೇ ಇವೆ. ಲೋಕೋಪಯೋಗಿ, ಪಂಚಾಯತ್ ರಾಜ್ ಎಂಜಿನಿಯರಿಂಗ್, ನೀರಾವರಿ ನಿಗಮದ ಕಚೇರಿಗಳಲ್ಲಿ ಕಾಲೇಜಿನ ಪತ್ರ ಕೊಟ್ಟು ಕೇಳಿ. ಗುಣಮಟ್ಟ ಪರಿಶೀಲನೆಯ ಕೆಲಸವೇ ಬೇಕೆಂದು ಪತ್ರದಲ್ಲೇ ಬರೆಸಿ. ಇಲ್ಲದಿದ್ದರೆ ಅಷ್ಟೂ ದಿನ ಕಂಪ್ಯೂಟರ್ ಮುಂದೆಯೇ ಕಳೆದೀತು.

ಸೈಟಿಗೆ ಹೋಗುವ ಹಿಂದಿನ ರಾತ್ರಿ ನಕ್ಷೆ ಓದಿಕೊಳ್ಳಿ. ಹೆಲ್ಮೆಟ್, ಗಟ್ಟಿ ಬೂಟು, ಟೇಪು, ಪುಟ್ಟ ನೋಟ್‌ಬುಕ್ ಇರಲಿ. ಪಾಯದ ಗುಂಡಿಯಲ್ಲಿ ಮೊದಲು ಮಣ್ಣು ನೋಡಿ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗಂಗಾವತಿಯ ಭತ್ತದ ಗದ್ದೆಗಳ ಪಕ್ಕದಲ್ಲಾದರೆ ಗುಂಡಿಗೆ ನೀರು ಜಿನುಗೀತು.

ನಿಜವಾದ ಪರೀಕ್ಷೆ ಕಾಂಕ್ರೀಟ್ ಹಾಕುವ ಹಿಂದಿನ ತಾಸಿನಲ್ಲಿ. ಒಮ್ಮೆ ಮುಚ್ಚಿದ ಕಂಬಿಯನ್ನು ಯಾವ ಸಾಹೇಬರೂ ನೋಡಲಾರರು. ಕಂಬಿ ಎಣಿಸಿ, ರಿಂಗುಗಳ ಅಂತರ ಅಳೆಯಿರಿ. ಕಂಬಿಗೂ ಸೆಂಟ್ರಿಂಗ್ ಹಲಗೆಗೂ ನಡುವಿನ ಜಾಗಕ್ಕೆ ಟೇಪು ತೂರಿಸಿ: ಸಾಮಾನ್ಯವಾಗಿ ಕಾಲಂಗೆ 40, ಫೂಟಿಂಗ್‌ಗೆ 50 ಮಿಲಿಮೀಟರ್ ಕವರ್ ಬೇಕು. ಕವರ್ ಬ್ಲಾಕ್ ಬದಲು ಖಡಿ ಚೂರು ಇಟ್ಟಿದ್ದರೆ ಗೌಂಡಿಯನ್ನು ಗದರಬೇಡಿ. 'ಅಣ್ಣಾ, ಇದು ವೈಬ್ರೇಟರ್‌ಗೆ ಜಾರತೈತಿ' ಅನ್ನಿ. ನಿಮಗೆ ಕೆಲಸ ಕಲಿಸುವವರು ಅವರೇ. ಬದಲಾಗದಿದ್ದರೆ ಸೈಟ್ ಎಂಜಿನಿಯರ್‌ಗೆ ತಕ್ಷಣ ತಿಳಿಸಿ. ಕೆಲಸ ನಿಲ್ಲಿಸುವ ಅಧಿಕಾರ ನಿಮ್ಮದಲ್ಲ.

ಕಲಸಿದ ಕಾಂಕ್ರೀಟ್ ಹಾಕುವ ಮುಂಚೆ ಬಿಗಿಯಾಯಿತೆಂದು ಅದಕ್ಕೆ ಮತ್ತೆ ನೀರು ಬೆರೆಸಿದರೆ ಬಲ ಕುಗ್ಗುತ್ತದೆ. ಅಂಥದ್ದು ಕಂಡರೆ ಸಮಯ ಸಮೇತ ಬರೆಯಿರಿ. ಸ್ಲಂಪ್ ನೋಡಿ, 150 ಮಿಲಿಮೀಟರ್ ಅಳತೆಯ ಕ್ಯೂಬ್ ತುಂಬಿಸಿ. ಐಎಸ್ 456ರ ಪ್ರಕಾರ ಒಂದು ಮಾದರಿಗೆ ಮೂರು ಕ್ಯೂಬ್. 5 ಘನ ಮೀಟರ್‌ವರೆಗೆ ಒಂದು ಮಾದರಿ ಸಾಕು, 6ರಿಂದ 15ಕ್ಕೆ ಎರಡು ಬೇಕು. ತಾರೀಖು, ಜಾಗ ಕ್ಯೂಬಿನ ಮೇಲೇ ಬರೆಯಿರಿ.

ನಮ್ಮ ಬಿಸಿಲಿನಲ್ಲಿ ಹೆಚ್ಚು ಸೋಲುವುದು ಕ್ಯೂರಿಂಗ್. ಒಣ ಬಿಸಿ ಹವೆಯಿದ್ದರೆ ಕನಿಷ್ಠ 10 ದಿನ ತೇವ ಆರಬಾರದು. ಬೆಳಗ್ಗೆ ಒಮ್ಮೆ ಪೈಪು ಹಿಡಿದರೆ ಮಧ್ಯಾಹ್ನಕ್ಕೆ ಸ್ಲ್ಯಾಬ್ ಬಿಳಿಚಿರುತ್ತದೆ. ಗೋಣಿ ಹಾಸಿದ್ದಾರೆಯೇ ಎಂದು ಮಧ್ಯಾಹ್ನವೇ ಹೋಗಿ ಮುಟ್ಟಿ ನೋಡಿ.

ನೀವು ಕಾಣದ ಅಳತೆಗೆ ಯಾರು ಹೇಳಿದರೂ ಸಹಿ ಹಾಕಬೇಡಿ. ಕ್ಯೂಬ್ ಒಡೆದು ನೋಡುವ 28ನೇ ದಿನಕ್ಕೆ ಇಂಟರ್ನ್‌ಶಿಪ್ ಮುಗಿದಿದ್ದರೂ ಅನುಮತಿ ಕೇಳಿ ಲ್ಯಾಬಿಗೆ ಹೋಗಿ, ನೀವೇ ತುಂಬಿಸಿದ ಕ್ಯೂಬ್ ಎಷ್ಟು ಭಾರಕ್ಕೆ ಒಡೆಯಿತೆಂದು ಗುರುತು ಹಾಕಿಕೊಳ್ಳಿ.