ದೀರ್ಘ ಚಿಕಿತ್ಸೆಯ ನಂತರ ಶಾಲೆಗೆ ಮರಳುವ ಮಗು: ಕಾನೂನಿನ ರಕ್ಷಣೆ ಮತ್ತು ಪಾಲಕರು ಅನುಸರಿಸಬೇಕಾದ ಕ್ರಮ

ಕ್ಯಾನ್ಸರ್, ಹೃದ್ರೋಗ, ಥಲಸ್ಸೀಮಿಯಾ ಅಥವಾ ಟೈಪ್-1 ಮಧುಮೇಹದಂತಹ ಕಾಯಿಲೆಯಿಂದ ತಿಂಗಳುಗಟ್ಟಲೆ ತರಗತಿಯಿಂದ ದೂರವಿದ್ದ ಮಗುವನ್ನು ಮರಳಿ ಸೇರಿಸಿಕೊಳ್ಳುವುದು ಶಾಲೆಯ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಬಹುತೇಕ ಸಂದರ್ಭಗಳಲ್ಲಿ ಅದು ಶಾಲೆಯ ಕಾನೂನುಬದ್ಧ ಹೊಣೆ. ಆದರೆ ಈ ರಕ್ಷಣೆ ಎಲ್ಲ ಮಕ್ಕಳಿಗೂ ಒಂದೇ ಕಾಯ್ದೆಯಿಂದ ದೊರೆಯುವುದಿಲ್ಲ. ಮಗುವಿನ ವಯಸ್ಸು ಮತ್ತು ಕಾಯಿಲೆಯ ಸ್ವರೂಪವನ್ನು ಅನುಸರಿಸಿ ಅದು ಬದಲಾಗುವುದರಿಂದ, ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಪಾಲಕರು ತಮ್ಮ ಮಗುವಿಗೆ ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳು

ಈ ವಯಸ್ಸಿನವರಿಗೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ, 2009 ಮುಖ್ಯ ಆಧಾರ. ಎಂಟನೆಯ ತರಗತಿ ಮುಗಿಯುವವರೆಗೆ ಯಾವುದೇ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೇ ಕಲಂ ಹೇಳುತ್ತದೆ; 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿದ್ದರೂ ಈ ನಿಷೇಧವನ್ನು ಸಡಿಲಿಸಿಲ್ಲ. ಓದು ಅರ್ಧಕ್ಕೆ ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕೆಂದು 4ನೇ ಕಲಂ ವಿಧಿಸುತ್ತದೆ. ಚಿಕಿತ್ಸೆಗಾಗಿ ಕುಟುಂಬ ಬೆಂಗಳೂರಿಗೋ ಗಡಿಯಾಚೆಯ ಮಿರಜ, ಕೊಲ್ಹಾಪುರಕ್ಕೋ ಹೋಗಿ ನೆಲೆಸಬೇಕಾದರೆ, 5ನೇ ಕಲಮಿನಂತೆ ಅಲ್ಲಿನ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕು ಮಗುವಿಗಿದೆ, ಮತ್ತು ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ಕಾಯಿಲೆಯು ಅಂಗವೈಕಲ್ಯವೂ ಆದಾಗ

2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಗುರುತಿಸುವ 21 ಬಗೆಗಳಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ ಮತ್ತು ಸಿಕಲ್ ಸೆಲ್ ಕಾಯಿಲೆಗಳೂ ಸೇರಿವೆ. ವೈಕಲ್ಯವು ಶೇ 40ಕ್ಕಿಂತ ಕಡಿಮೆಯಿಲ್ಲವೆಂದು ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದರೆ 18 ವರ್ಷದವರೆಗೂ ಉಚಿತ ಶಿಕ್ಷಣದ ಹಕ್ಕು ದೊರೆಯುತ್ತದೆ. ಸರ್ಕಾರದಿಂದ ಮಾನ್ಯತೆ ಪಡೆದ ಖಾಸಗಿ ಶಾಲೆಗಳು ಸಹ ‘ಸಮಂಜಸ ಹೊಂದಾಣಿಕೆ’ಯನ್ನು, ಅಂದರೆ ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ ಮಗುವಿನ ಅಗತ್ಯಕ್ಕೆ ತಕ್ಕ ಮಾರ್ಪಾಡನ್ನು, ಮಾಡಿಕೊಡಬೇಕು. ಮೇಲಂತಸ್ತಿನ ತರಗತಿಯನ್ನು ಕೆಳಕ್ಕೆ ತರುವುದು, ರಕ್ತ ಹಾಕಿಸುವ ದಿನಗಳ ಪಾಠವನ್ನು ಬಳಿಕ ಹೇಳಿಕೊಡುವುದು ಇಂತಹ ಮಾರ್ಪಾಡುಗಳು. ಯು.ಡಿ.ಐ.ಡಿ. ಎಂಬ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ಆ ಆಯ್ಕೆ ಮಗುವಿನದೇ ಹೊರತು ಶಾಲೆಯದಲ್ಲ.

ಕಾಯ್ದೆಗಳ ನಡುವಿನ ಕಂದರ

ಕ್ಯಾನ್ಸರ್ ಮತ್ತು ಮಧುಮೇಹ ಆ 21ರ ಪಟ್ಟಿಯಲ್ಲಿಲ್ಲ. ಆದ್ದರಿಂದ ಹದಿನಾಲ್ಕು ದಾಟಿ ಒಂಬತ್ತು ಅಥವಾ ಹತ್ತನೆಯ ತರಗತಿಯಲ್ಲಿರುವ, ಆದರೆ ಅಂಗವೈಕಲ್ಯದ ಪ್ರಮಾಣಪತ್ರ ಪಡೆಯಲಾಗದ ಮಗುವಿಗೆ ಮೇಲಿನ ಎರಡೂ ಕಾಯ್ದೆಗಳ ಆಸರೆ ತೆಳುವಾಗುತ್ತದೆ. ದಾಖಲೆಗಳ ಮಹತ್ವ ಅಲ್ಲಿಯೇ ಹೆಚ್ಚು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಾತಿ ಬೇಕಾಗುವುದರಿಂದ, ಕೊರತೆಯ ಮನ್ನಾ ಕೋರುವ ಮನವಿಯನ್ನು ಆಸ್ಪತ್ರೆಯ ಕಾಗದಗಳೊಂದಿಗೆ ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿಯೇ ಸಲ್ಲಿಸಬೇಕು. ಟೈಪ್-1 ಮಧುಮೇಹವಿರುವ ಮಕ್ಕಳಿಗೆ ವೈದ್ಯರ ಸಲಹೆಯಂತೆ ಶಾಲೆಯಲ್ಲಿ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಮತ್ತು ನಡುವೆ ಲಘು ಆಹಾರ ಸೇವಿಸಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ತಿಳಿಸಿದೆ. ಎಚ್‌ಐವಿ ಸೋಂಕಿರುವ ಮಗುವಿಗೆ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯ ಮಾಡುವುದನ್ನು 2017ರ ಪ್ರತ್ಯೇಕ ಕಾಯ್ದೆಯೇ ನಿಷೇಧಿಸಿದೆ.

ಅರ್ಜಿಯಿಂದ ಮೇಲ್ಮನವಿಯವರೆಗೆ

ಚಿಕಿತ್ಸೆ ಆರಂಭವಾದಾಗಲೇ ಗೈರುಹಾಜರಿಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿದರೆ, ಶಾಲೆ ಬಿಟ್ಟ ಮಗುವೆಂದು ದಾಖಲಾಗುವುದನ್ನು ತಪ್ಪಿಸಬಹುದು. ಮರಳುವಾಗ ವೈದ್ಯರಿಂದ ಪಡೆಯುವ ಪತ್ರದಲ್ಲಿ ಮಗು ತರಗತಿಗೆ ಹೋಗಲು ಸಮರ್ಥವಾಗಿದೆಯೆಂಬ ಮಾತಿನ ಜೊತೆಗೆ ಔಷಧಿಯ ವೇಳೆ, ವರ್ಜಿಸಬೇಕಾದ ಆಟಗಳು, ತುರ್ತು ಲಕ್ಷಣಗಳು ಮತ್ತು ಮುಂದಿನ ತಪಾಸಣೆಯ ದಿನಗಳಿರಬೇಕು. ಅದನ್ನು ಲಗತ್ತಿಸಿ, ಬೇಕಾದ ಅನುಕೂಲಗಳನ್ನು ಒಂದೊಂದಾಗಿ ನಮೂದಿಸಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ದಿನಾಂಕ ಮತ್ತು ಮೊಹರಿನ ಸ್ವೀಕೃತಿ ಪಡೆಯಬೇಕು.

ಶಾಲೆ ಸ್ಪಂದಿಸದಿದ್ದರೆ ಆಯಾ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿ.ಇ.ಒ.ಗೆ, ನಂತರ ಈ ಮೂರೂ ತಾಲ್ಲೂಕುಗಳು ಒಳಪಡುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೆ ದೂರು ಸಲ್ಲಿಸಬಹುದು. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರವು ಲಿಖಿತ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಮತ್ತು ಅದರ ನಿರ್ಣಯದ ವಿರುದ್ಧ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ವೈಕಲ್ಯಕ್ಕೆ ಸಂಬಂಧಿಸಿದ ದೂರನ್ನು ವಿಕಲಚೇತನರ ರಾಜ್ಯ ಆಯುಕ್ತರೂ ಆಲಿಸುತ್ತಾರೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಂತೆ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸುವಾಗ, ಶಾಲೆಯಿಂದ ಪಡೆದ ಸ್ವೀಕೃತಿಯ ಪ್ರತಿಯೇ ಮೊದಲ ಸಾಕ್ಷ್ಯವಾಗುತ್ತದೆ.