ಬಲಂ ಪ್ರತಿರೋಧ (1799–1802): ಹಾಸನ ಜಿಲ್ಲೆ

1. ಸ್ಥಳ: ಬಲಂ ಅಥವಾ ಐಗೂರು ಸೀಮೆ, ಇಂದಿನ ಸಕಲೇಶಪುರದ ಮಲೆನಾಡು.

2. ನಾಯಕ: ವೆಂಕಟಾದ್ರಿ ನಾಯಕ. ತಂದೆ ಕೃಷ್ಣಪ್ಪ ನಾಯಕ. ತಂದೆ-ಮಗನ ಹೆಸರು ಅದಲುಬದಲಾಗುವುದು ಸಾಮಾನ್ಯ, ಎಚ್ಚರ.

3. ಹಿನ್ನೆಲೆ: 1799ರಲ್ಲಿ ಟಿಪ್ಪು ಮರಣ; ಮೈಸೂರಿಗೆ ಮತ್ತೆ ಒಡೆಯರು, ದಿವಾನ ಪೂರ್ಣಯ್ಯ. ಹೊಸ ವ್ಯವಸ್ಥೆಗೆ ವೆಂಕಟಾದ್ರಿ ತಲೆಬಾಗಲಿಲ್ಲ.

4. ಯುದ್ಧ: ದಟ್ಟ ಕಾಡೇ ಕೋಟೆ, ಮುಖ್ಯ ನೆಲೆ ಅರಕೆರೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪಡೆ ಅರಕೆರೆಗೆ ನುಗ್ಗಿದರೂ ಪ್ರತಿರೋಧ ಅಡಗಲಿಲ್ಲ. ಜನವರಿ 1802ರಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಾನೇ ಬಂದು ಅರಕೆರೆ ಹಿಡಿದ, ಕಾಡು ಕಡಿದು ದಾರಿ ಮಾಡಿಸಿದ.

5. ಅಂತ್ಯ: ಫೆಬ್ರವರಿ 1802ರಲ್ಲಿ ವೆಂಕಟಾದ್ರಿಯ ಸೆರೆ, ಗಲ್ಲು.

ಗೊಂದಲದ ಅಂಶಗಳು:
- ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದು ಟಿಪ್ಪು, ಬಲಂ ನಾಯಕರಲ್ಲ.
- ಇದೇ ಕಾಲದ ಬಂಡಾಯಗಾರ ಧೋಂಡಿಯಾ ವಾಘ್ ಸತ್ತಿದ್ದು ಕದನದಲ್ಲಿ, 10 ಸೆಪ್ಟೆಂಬರ್ 1800. ವೆಂಕಟಾದ್ರಿಗೆ ಗಲ್ಲು. ಇಬ್ಬರ ವಿರುದ್ಧವೂ ವೆಲ್ಲೆಸ್ಲಿ.
- ಕಿತ್ತೂರು ಯುದ್ಧ 1824. ಅಂದರೆ ಬಲಂ ಹೋರಾಟ ಮುಗಿದದ್ದು ಅದಕ್ಕೆ 22 ವರ್ಷ ಮೊದಲು. ಕಿತ್ತೂರಿನಷ್ಟೇ ಗೌರವದಿಂದ ನೆನೆಯಬೇಕಾದ ಹೋರಾಟವಿದು; ಪಠ್ಯಗಳಲ್ಲಿ ಒಂದು ಸಾಲಿಗೆ ಇಳಿದಿರುವುದು ಅನ್ಯಾಯ.

6. ಜೋಡಿ ಪ್ರಶ್ನೆ: ಇದೇ ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್, ವಾಟರ್‌ಲೂ, 18 ಜೂನ್ 1815.